ಕಳಚಿಡುವ ವಾಚು

2018ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ವಾಚು ಮೇಳದಲ್ಲಿ ಎರಡು ಡೈವ್ ವಾಚುಗಳು ಒಟ್ಟಿಗೆ ಹೊರಬಂದವು. ಟ್ಯೂಡರ್ ಕಂಪನಿಯದು ಬ್ಲ್ಯಾಕ್ ಬೇ ಫಿಫ್ಟಿ ಎಯ್ಟ್: 39 ಮಿಲಿಮೀಟರ್ ಅಗಲ, ಕಪ್ಪು ಮುಖ, ಅದರ ಮೇಲೆ ಹಳೆಯ ಬಂಗಾರದ ಛಾಯೆಯ ಗುರುತುಗಳು. ಒಮೆಗಾ ಕಂಪನಿಯದು ಸೀಮಾಸ್ಟರ್ ಡೈವರ್ 300 ಎಂ: 1993ರಲ್ಲಿ ಹುಟ್ಟಿದ ಮಾದರಿಗೆ ಇಪ್ಪತ್ತೈದು ವರ್ಷ ತುಂಬಿದ ಹೊತ್ತಿಗೆ ಅದನ್ನು ಒಳಹೊರಗೆಲ್ಲ ಹೊಸದಾಗಿ ಕಟ್ಟಿ 42 ಮಿಲಿಮೀಟರಿಗೆ ಬೆಳೆಸಿದ್ದರು. ನಾನಾಗ ಅದಿರು, ಕಲ್ಲಿದ್ದಲು, ಗೋಧಿ ಸಾಗಿಸುವ ಬಲ್ಕ್ ಕ್ಯಾರಿಯರ್ ಹಡಗಿನಲ್ಲಿ ಸೆಕೆಂಡ್ ಎಂಜಿನಿಯರ್. ಮೇಳದ ಸುದ್ದಿ ನನಗೆ ತಲುಪಿದ್ದು ಎಷ್ಟೋ ವಾರಗಳ ನಂತರ, ಬಂದರಿನ ಹೊರಗೆ ಲಂಗರು ಹಾಕಿ ಮೊಬೈಲಿಗೆ ಸಿಗ್ನಲ್ ಸಿಕ್ಕಾಗ. ಅವತ್ತಿನಿಂದ ಹೆಚ್ಚುಕಡಿಮೆ ಒಂದು ವರ್ಷ ಇವೆರಡರಲ್ಲಿ ಯಾವುದು ಎಂಬ ಪ್ರಶ್ನೆ ನನ್ನ ಜೊತೆಗೇ ಸಮುದ್ರ ದಾಟಿತು.

ಚೀಫ್ ಎಂಜಿನಿಯರ್ ಆದ ಮೇಲೆ ಒಂದು ಒಳ್ಳೆಯ ವಾಚು ಕೊಳ್ಳಬೇಕೆಂದು ಬಹಳ ಹಿಂದೆಯೇ ನಿಶ್ಚಯಿಸಿದ್ದೆ. ಒಂದೇ ಒಂದು. ಬ್ಯಾಂಕಿನ ಲಾಕರಿನಲ್ಲಿ ಮಲಗಿಸುವುದಕ್ಕಲ್ಲ, ಮದುವೆ ಮುಂಜಿಗೆ ಹಾಕಿಕೊಳ್ಳುವುದಕ್ಕಲ್ಲ. ಬೆಳಿಗ್ಗೆ ಕಟ್ಟಿದರೆ ರಾತ್ರಿಯವರೆಗೆ ಕೈಯಲ್ಲಿರಬೇಕು, ಎಂಜಿನ್ ರೂಮಿಗೂ ಬರಬೇಕು, ರಜೆಯಲ್ಲಿ ಊರಿಗೂ ಬರಬೇಕು. ಲಕ್ಷಗಳ ಮಾತಾದ್ದರಿಂದ ಅವಸರ ಇರಲಿಲ್ಲ. ನನ್ನ ಜೊತೆಯವರು ಕೇಳುತ್ತಿದ್ದರು, ಅಷ್ಟು ಕೊಡುವುದಾದರೆ ರೋಲೆಕ್ಸ್ ಸಬ್‌ಮೆರಿನರೇ ಯಾಕಲ್ಲ ಎಂದು. ಅದು ನಿಜಕ್ಕೂ ಉತ್ತಮ ವಾಚು, ಆದರೆ ಅದನ್ನು ಅರಿಯದವರೇ ಇಲ್ಲ. ಬಂದರಿನ ಗ್ಯಾಂಗ್‌ವೇಯಲ್ಲಿ ಹತ್ತಾರು ಅಪರಿಚಿತರು ಏರಿ ಇಳಿಯುವ ಹಡಗಿನಲ್ಲಿ ಅಂಥದ್ದನ್ನು ಕೈಯಲ್ಲಿಟ್ಟುಕೊಂಡು ಕೆಲಸದ ಮೇಲೆ ಮನಸ್ಸಿಡುವುದು ನನ್ನಿಂದ ಆಗುವಂಥದ್ದಲ್ಲ.

ನಮ್ಮ ಮನೆಯಲ್ಲಿ ವಾಚು ಎಂದರೆ ನೀರಿನಿಂದ ದೂರ ಇಡಬೇಕಾದ ವಸ್ತುವಾಗಿತ್ತು. ಅಪ್ಪ ಹೊನ್ನಾವರದ ಹತ್ತಿರದ ಶಾಲೆಯಲ್ಲಿ ಮಾಸ್ತರರು. ಅವರ ಕೈಯಲ್ಲಿದ್ದದ್ದು ಎಚ್‌ಎಂಟಿ ಜನತಾ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯಿಂದ ಬಂದ, ಹದಿನೇಳು ಜ್ಯೂಯೆಲಿನ, ದಿನವೂ ಕೀಲಿ ಕೊಡಬೇಕಾದ ವಾಚು. ಬಚ್ಚಲಿಗೆ ಹೋಗುವ ಮೊದಲು, ಬಾವಿಗೆ ಕೊಡ ಇಳಿಸುವ ಮೊದಲು, ಹೊಳೆ ದಾಟಲು ತಾರಿ ಹತ್ತುವ ಮೊದಲು ಅಪ್ಪ ಅದನ್ನು ಕಳಚಿ ಕರವಸ್ತ್ರದಲ್ಲಿ ಸುತ್ತಿ ಒಳಜೇಬಿಗೆ ಹಾಕುತ್ತಿದ್ದರು. ಆಷಾಢ ಶ್ರಾವಣದಲ್ಲಿ ಊರಿನ ಎಷ್ಟೋ ವಾಚುಗಳ ಗಾಜಿನೊಳಗೆ ಮಂಜು ಕಟ್ಟುತ್ತಿತ್ತು. ರಿಪೇರಿಯವನು ಹಿಂಬದಿ ಬಿಚ್ಚಿ ಬಲ್ಬಿನ ಕೆಳಗೆ ಇಟ್ಟು ಒಣಗಿಸುತ್ತಿದ್ದ. ಸರ್ಕಾರ ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿದ 2016ರಲ್ಲೂ ಅಪ್ಪನ ಜನತಾ ನಡೆಯುತ್ತಲೇ ಇತ್ತು. ಅಷ್ಟು ವರ್ಷ ನಡೆದದ್ದಕ್ಕೆ ಕಾರ್ಖಾನೆಯ ಕೆಲಸಗಾರರ ಕೈಚಳಕ ಎಷ್ಟು ಕಾರಣವೋ ಅಪ್ಪನ ಕಳಚುವ ಅಭ್ಯಾಸವೂ ಅಷ್ಟೇ ಕಾರಣ ಎಂದು ನಾನು ನಂಬಿದ್ದೇನೆ.

ಹಾಗಾಗಿ ನೀರಿಗೆ ಅಂಜದ ವಾಚು ಎನ್ನುವುದೇ ನನಗೆ ದೊಡ್ಡ ಐಷಾರಾಮ. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಒಂದೊಂದು ವಾಯುಭಾರದಷ್ಟು ಒತ್ತಡ ಸೇರುತ್ತ ಹೋಗುತ್ತದೆ. ಟ್ಯೂಡರಿಗೆ 200 ಮೀಟರ್, ಒಮೆಗಾಗೆ 300 ಮೀಟರ್ ಎಂದು ಬರೆದಿರುತ್ತದೆ. ಹವ್ಯಾಸಿ ಡೈವರುಗಳ ಮಿತಿಯೇ 40 ಮೀಟರ್. ಇನ್ನೂರೋ ಮುನ್ನೂರೋ ಎಂಬುದು ಕೊಳ್ಳುವವನ ತಕ್ಕಡಿಯಲ್ಲಿ ತೂಗಬೇಕಾದ ವಿಷಯವೇ ಅಲ್ಲ.

ಈ ಬಗೆಯ ವಾಚು ಯಾಕೆ ಹುಟ್ಟಿತು ಎಂಬ ಕತೆ ನನಗೆ ಅಂಕಿಗಳಿಗಿಂತ ಇಷ್ಟ. ಎರಡನೇ ಮಹಾಯುದ್ಧದ ನಂತರ ಫ್ರೆಂಚ್ ಸೇನೆಯ ಡೈವರ್ ಪಡೆ ಕಟ್ಟುತ್ತಿದ್ದ ರಾಬೆರ್ ಮಲೂಬಿಯೆ ಮತ್ತು ಕ್ಲೋದ್ ರಿಫೋ ಎಂಬ ಅಧಿಕಾರಿಗಳಿಗೆ ನೀರೊಳಗೆ ನಂಬಬಹುದಾದ ಸಮಯಸಾಧನ ಬೇಕಿತ್ತು. ಬ್ಲಾಂಪೆ ಕಂಪನಿಯ ಮುಖ್ಯಸ್ಥ ಜಾನ್-ಜಾಕ್ ಫಿಶ್ಟರ್ ಸ್ವತಃ ಡೈವ್ ಮಾಡುವವನು. ಅಲ್ಲಿಂದ 1953ರಲ್ಲಿ ಫಿಫ್ಟಿ ಫ್ಯಾದಮ್ಸ್ ಬಂತು. ಅದೇ ಕಾಲಕ್ಕೆ ರೋಲೆಕ್ಸಿನ ಸಬ್‌ಮೆರಿನರ್, 1954ರಲ್ಲಿ ಟ್ಯೂಡರಿನದು, 1957ರಲ್ಲಿ ಒಮೆಗಾದ ಸೀಮಾಸ್ಟರ್ 300. ಟ್ಯೂಡರನ್ನು ಕಟ್ಟಿದವನೂ ರೋಲೆಕ್ಸಿನ ಹಾನ್ಸ್ ವಿಲ್ಸ್‌ಡಾರ್ಫನೇ; ರೋಲೆಕ್ಸಿನ ಭರವಸೆಯನ್ನು ಕಡಿಮೆ ಬೆಲೆಗೆ ಕೊಡಬೇಕೆಂಬುದು ಅವನ ಉದ್ದೇಶ. ಮುಂದೆ ಫ್ರೆಂಚ್ ನೌಕಾಪಡೆ ವರ್ಷಾನುಗಟ್ಟಲೆ ಟ್ಯೂಡರನ್ನೇ ತನ್ನ ಡೈವರುಗಳ ಕೈಗೆ ಕೊಟ್ಟಿತು. 200 ಮೀಟರ್ ತಾಳಬಲ್ಲ ಮೊದಲ ಟ್ಯೂಡರ್ ಬಂದದ್ದು 1958ರಲ್ಲಿ, ಫಿಫ್ಟಿ ಎಯ್ಟ್ ಎಂಬ ಹೆಸರು ಆ ವರ್ಷದ್ದು.

ಇವೆಲ್ಲವುಗಳ ಆತ್ಮ ಇರುವುದು ಮುಖದ ಸುತ್ತ ತಿರುಗುವ ಬಳೆಯಲ್ಲಿ, ಬೆಜೆಲ್ಲಿನಲ್ಲಿ. ನೀರಿಗಿಳಿಯುವಾಗ ಅದರ ಸೊನ್ನೆಯನ್ನು ನಿಮಿಷದ ಮುಳ್ಳಿಗೆ ಹೊಂದಿಸಿದರೆ ಕಳೆದ ನಿಮಿಷಗಳು ಆಮೇಲೆ ನೇರ ಕಾಣುತ್ತವೆ. ಇಂದಿನ ಡೈವ್ ವಾಚುಗಳಲ್ಲಿ ಅದು ಎಡಕ್ಕೆ ಮಾತ್ರ ತಿರುಗುತ್ತದೆ. ಯಾವುದಕ್ಕೋ ತಾಗಿ ಜರುಗಿದರೆ ಕಳೆದದ್ದಕ್ಕಿಂತ ಹೆಚ್ಚು ಹೊತ್ತು ತೋರಿಸೀತೇ ಹೊರತು ಕಡಿಮೆಯಲ್ಲ. ಡೈವರ್ ಬೇಗ ಮೇಲೆ ಬರುತ್ತಾನೆ, ಜೀವ ಉಳಿಯುತ್ತದೆ. ಕೆಟ್ಟರೂ ಸುರಕ್ಷಿತ ದಿಕ್ಕಿಗೇ ಕೆಡಬೇಕು ಎಂಬ ಈ ತತ್ತ್ವ ಎಂಜಿನಿಯರುಗಳಿಗೆ ಪ್ರಾಣ.

ಆದರೆ ಅದು ಡೈವರನ ಸುರಕ್ಷಿತ ದಿಕ್ಕು. ನನ್ನ ಕೆಲಸದಲ್ಲಿ ಅದು ಎರಡೂ ಬಗೆ. ರಾತ್ರಿ ಒಬ್ಬನೇ ಎಂಜಿನ್ ರೂಮಿಗೆ ಇಳಿದಾಗ ಡೆಡ್‌ಮ್ಯಾನ್ ಅಲಾರಾಂ ಹಾಕಿರುತ್ತೇವೆ. ಅರ್ಧ ಗಂಟೆ ಮೀರುವುದರೊಳಗೆ ಗುಂಡಿ ಒತ್ತದಿದ್ದರೆ ಒಳಗಿನವನಿಗೆ ಏನೋ ಆಗಿದೆ ಎಂದು ಹಡಗೆಲ್ಲ ಎಚ್ಚರವಾಗುತ್ತದೆ. ಅಲ್ಲಿ ಬೆಜೆಲ್ ಜರುಗಿದರೂ ಸರಿಯೇ, ಮೊದಲೇ ಹೋಗಿ ಒತ್ತುತ್ತೇನೆ. ಅದೇ, ಎಂಜಿನ್ ಒಳಗೆ ಎಣ್ಣೆಯ ಆವಿ ಹೆಚ್ಚಾಗಿದೆ ಎಂದು ಅಲಾರಾಂ ಬಡಿದರೆ ಎಂಜಿನ್ ನಿಲ್ಲಿಸಿ ಅದು ತಣಿಯುವವರೆಗೆ ಕಾಯಬೇಕು. ಅರ್ಧ ಗಂಟೆಗೆ ಮೊದಲು ಕ್ರ್ಯಾಂಕ್‌ಕೇಸಿನ ಬಾಗಿಲು ಮುಟ್ಟಬಾರದು ಎಂಬುದು ನಮ್ಮ ಹಡಗಿನ ನಿಯಮ. ಬಿಸಿ ಆವಿಗೆ ಹೊರಗಿನ ಗಾಳಿ ಸೇರಿದರೆ ಸ್ಫೋಟ. ಇಲ್ಲಿ ಬೆಜೆಲ್ ಜರುಗಿ ಇಪ್ಪತ್ತು ನಿಮಿಷವನ್ನು ಮೂವತ್ತು ಎಂದು ತೋರಿಸಿದರೆ ಅದೇ ಅಪಾಯ. ಅದಕ್ಕೇ ಅಂಥ ಹೊತ್ತಿನಲ್ಲಿ ಕಂಟ್ರೋಲ್ ರೂಮಿನ ಹಲಗೆಯ ಮೇಲೆ ಸಮಯ ಬರೆದು ಇಡುತ್ತೇನೆ, ಕೈಯ ಬಳೆಯನ್ನು ನಂಬುವುದಿಲ್ಲ. ಇದು ಹೊಳೆದ ಮೇಲೆ ಎರಡೂ ವಾಚುಗಳನ್ನು ನಾನು ನೋಡುವ ರೀತಿ ಬದಲಾಯಿತು. ಬೇರೆ ಯಾರದೋ ಕೈಗೆ, ಬೇರೆ ಯಾವುದೋ ಅಪಾಯಕ್ಕೆ ರೂಪಿಸಿದ ಸಾಧನ ಇದು; ಇದರಲ್ಲಿ ನನ್ನ ಕೈಗೆ ಒದಗುವುದು ಯಾವುದು ಎಂದು ಒಂದೊಂದಾಗಿ ಬಿಡಿಸಿ ನೋಡತೊಡಗಿದೆ.

ಹಾಗೆ ಬಿಡಿಸುವಾಗ ಮೊದಲು ಪಕ್ಕಕ್ಕೆ ಹೋದದ್ದು ಒಮೆಗಾದ ಹೀಲಿಯಂ ವಾಲ್ವ್. ವಾಚಿನ ಎಡಭಾಗದಲ್ಲಿ ಹತ್ತು ಗಂಟೆಯ ಜಾಗದಲ್ಲಿ ಎರಡನೇ ತಿರುಪಿನಂತೆ ಅದು ಚಾಚಿಕೊಂಡಿರುತ್ತದೆ. ಅದರ ಕೆಲಸ ಏನೆಂದು ನಾನು ಪುಸ್ತಕ ಓದಿ ತಿಳಿದವನಲ್ಲ. ಜೂನಿಯರ್ ಆಗಿದ್ದಾಗ ಮುಂಬೈ ಹೈ ತೈಲಕ್ಷೇತ್ರದಲ್ಲಿ ಡೈವರುಗಳ ಹಡಗೊಂದರಲ್ಲಿ ಕೆಲಸ ಮಾಡಿದ್ದೆ. ಅಲ್ಲಿ ಸಮುದ್ರದ ಆಳ ಎಪ್ಪತ್ತೈದು ಮೀಟರಿನ ಆಸುಪಾಸು. ತಳದ ಪೈಪುಗಳನ್ನು ನೋಡಿಕೊಳ್ಳುವ ಸ್ಯಾಚುರೇಶನ್ ಡೈವರುಗಳು ದಿನವೂ ಮೇಲೆ ಬಂದು ಇಳಿಯುವುದಿಲ್ಲ. ಹಡಗಿನ ಡೆಕ್ಕಿನ ಮೇಲೆಯೇ ತಳದಷ್ಟು ಒತ್ತಡ ತುಂಬಿದ ಉಕ್ಕಿನ ಕೊಠಡಿಯಲ್ಲಿ ವಾರಗಟ್ಟಲೆ ಬದುಕುತ್ತಾರೆ. ಉಣ್ಣುವುದು, ಮಲಗುವುದು ಅಲ್ಲಿಯೇ. ಅಲ್ಲಿಂದ ಬೆಲ್ ಎಂಬ ತೊಟ್ಟಿಲಿನಲ್ಲಿ ಕೆಲಸಕ್ಕೆ ಇಳಿಯುತ್ತಾರೆ. ಅವರು ಉಸಿರಾಡುವುದು ಹೀಲಿಯಂ ಬೆರೆಸಿದ ಆಮ್ಲಜನಕ. ಹೀಲಿಯಂನಿಂದ ಅವರ ದನಿ ಎಷ್ಟು ತೆಳುವಾಗುತ್ತದೆಂದರೆ ಮಾತು ಬಿಡಿಸಿ ಕೇಳಿಸುವುದಕ್ಕೇ ಕಂಟ್ರೋಲ್ ರೂಮಿನಲ್ಲಿ ಒಂದು ಯಂತ್ರ ಇತ್ತು. ಆ ಸಣ್ಣ ಅಣು ರಬ್ಬರ್ ಸೀಲುಗಳನ್ನೂ ದಾಟಿ ವಾಚಿನೊಳಗೆ ಸೇರುತ್ತದೆ. ಕೊನೆಗೆ ದಿನಗಟ್ಟಲೆ ಕೊಠಡಿಯ ಒತ್ತಡ ಇಳಿಸುತ್ತ ಬಂದಾಗ ಒಳಗಿನ ಹೀಲಿಯಂ ಅಷ್ಟೇ ಬೇಗ ಹೊರಬರಲಾರದೆ ಗಾಜನ್ನೇ ಹಾರಿಸಿಬಿಡುತ್ತದೆ. ಅಮೆರಿಕದ ನೌಕಾಪಡೆಯ ಸೀಲ್ಯಾಬ್ ಪ್ರಯೋಗಗಳಲ್ಲಿ, 1960ರ ದಶಕದಲ್ಲಿ, ಬಾಬ್ ಬಾರ್ತ್ ಎಂಬ ಡೈವರ್ ಇದನ್ನು ಗಮನಿಸಿದ. 1967ರಲ್ಲಿ ರೋಲೆಕ್ಸ್ ಸೀ-ಡ್ವೆಲ್ಲರಿಗಾಗಿ ವಾಲ್ವ್ ರೂಪಿಸಿತು. 1970ರ ಒಮೆಗಾ ಪ್ಲೋಪ್ರೋಫ್ ವಾಲ್ವೇ ಬೇಡ ಎಂದು ಒಂದೇ ತುಂಡಿನಿಂದ ಕಡೆದ ಭದ್ರ ಕವಚ ಹಾಕಿತು.

ಒಂದು ದಿನ ಆ ಡೈವರುಗಳಲ್ಲಿ ಒಬ್ಬರನ್ನು, ಕೇರಳದವರು, ವಾಚಿನ ಬಗ್ಗೆ ಕೇಳಿದೆ. ನಮ್ಮ ಹೊತ್ತನ್ನೆಲ್ಲ ಮೇಲಿರುವ ಸೂಪರ್‌ವೈಸರ್ ಲೆಕ್ಕ ಇಡುತ್ತಾನೆ, ನಾನು ವಾಚು ನೋಡುವುದು ಮನೆಯವರು ಮಲಗಿದರೋ ಇಲ್ಲವೋ ಎಂದು ತಿಳಿಯಲಿಕ್ಕೆ ಎಂದರು. ಅವರ ಕೈಯಲ್ಲಿದ್ದದ್ದು ಅಗ್ಗದ ಡಿಜಿಟಲ್ ವಾಚು. ಪ್ರಪಂಚದಲ್ಲಿ ಹೀಲಿಯಂ ವಾಲ್ವ್ ನಿಜವಾಗಿ ಬೇಕಾದ ಕೆಲವೇ ಮಂದಿಯ ನಡುವೆ ತಿಂಗಳುಗಟ್ಟಲೆ ಇದ್ದು, ಅದಿಲ್ಲದೆಯೇ ಅವರು ನೆಮ್ಮದಿಯಾಗಿರುವುದನ್ನು ನಾನು ಕಂಡಿದ್ದೆ. ಒಮೆಗಾ ಕೊಂಡರೆ ಅದು ನನ್ನ ಮಣಿಕಟ್ಟಿನ ಮೇಲೆ ಸುಮ್ಮನೆ ಕೂರುವ ಅತಿಥಿ.

2019ರಲ್ಲಿ ಚೀಫ್ ಆದೆ. ಆ ಸಲ ಸಿಂಗಪುರದಲ್ಲಿ ಎಣ್ಣೆ ತುಂಬಿಸಿಕೊಳ್ಳಲು ನಿಂತಾಗ ಒಂದು ಮಧ್ಯಾಹ್ನ ಬಿಡುವು ಸಿಕ್ಕಿತು. ಲಾಂಚ್ ಹಿಡಿದು ಮರೀನಾ ಸೌತ್ ಪಿಯರಿಗೆ ಇಳಿದು ಆರ್ಚರ್ಡ್ ರಸ್ತೆಗೆ ಹೋದೆ.

ಟ್ಯೂಡರನ್ನು ಮೊದಲು ಕೈಗೆ ಹಾಕಿಕೊಂಡೆ. ಹಾಕಿದ ಕ್ಷಣವೇ ಮನಸ್ಸು ಒಪ್ಪಿಬಿಟ್ಟಿತು. ದಪ್ಪ 11.9 ಮಿಲಿಮೀಟರ್ ಮಾತ್ರ. ಬಾಯ್ಲರ್ ಸೂಟಿನ ತೋಳು ಅದರ ಮೇಲೆ ಜಾರಿ ಬೀಳುತ್ತಿತ್ತು. ಚೌಕ ತುದಿಯ ಗಂಟೆಯ ಮುಳ್ಳು, ಸ್ನೋಫ್ಲೇಕ್ ಎನ್ನುತ್ತಾರೆ, ನಿಮಿಷದ ಮುಳ್ಳಿನಿಂದ ಎಷ್ಟು ಬೇರೆಯಾಗಿದೆಯೆಂದರೆ ಓಡುತ್ತಲೇ ನೋಡಿದರೂ ಗಂಟೆ ತಪ್ಪುವುದಿಲ್ಲ. ಟ್ಯೂಡರ್ ಅದನ್ನು ಮೊದಲು ಬಳಸಿದ್ದು 1969ರಲ್ಲಿ. ತಾರೀಖಿನ ಕಿಟಕಿ ಇಲ್ಲದ ಮುಖ ಶುಭ್ರ. ಕಂಪನಿಯದೇ ಯಂತ್ರ, ಸಿಲಿಕಾನಿನ ಕೂದಲೆಳೆ ಸ್ಪ್ರಿಂಗ್, ಪೂರ್ತಿ ತಿರುಚಿಕೊಂಡರೆ ಎಪ್ಪತ್ತು ಗಂಟೆ ನಡೆಯುತ್ತದೆ. ಬೆಜೆಲ್ಲಿನ ಅಂಚಿಗೆ ನಾಣ್ಯದ ಅಂಚಿನಂತೆ ಗೀರುಗಳು; ಅರವತ್ತು ಕ್ಲಿಕ್ಕುಗಳು, ಒಂದೊಂದು ನಿಮಿಷಕ್ಕೆ ಒಂದೊಂದು, ಬೆರಳಿಗೆ ಲೆಕ್ಕ ಸಿಗುವಂತೆ. ಬೇಕಾದರೆ ಫ್ರಾನ್ಸಿನ ಸಾಂತ್-ಎತಿಯೆನ್ ಸೀಮೆಯ ಜೂಲಿಯೆನ್ ಫೋರ್ ಎಂಬ ನೇಕಾರರು ಹಳೆಯ ಜಕಾರ್ ಮಗ್ಗದಲ್ಲಿ ನೇಯ್ದ ಬಟ್ಟೆಯ ಪಟ್ಟಿಯಲ್ಲೂ ಸಿಗುತ್ತದೆ. ಅಂದಕ್ಕೆ ಮಾತ್ರ ಅಂಕ ಕೊಡುವುದಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಒಮೆಗಾ ಭಾರ. ಎತ್ತರವೂ ಹೆಚ್ಚು, ತೋಳಿನ ಅಂಚು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಸೆರಾಮಿಕ್ ಮುಖದ ಮೇಲೆ ಲೇಸರಿನಿಂದ ಕೊರೆದ ಅಲೆಗಳು ಚೆಂದ, ಆದರೆ ಆ ಅಲೆಗಳ ಮೇಲೆ ನಡು ಟೊಳ್ಳಾದ ಮುಳ್ಳುಗಳನ್ನು ಹಗಲಲ್ಲಿ ಹುಡುಕಬೇಕು. ಬೆಜೆಲ್ಲಿನ ಅಂಚು ಉರುಟು ಕಚ್ಚುಗಳದ್ದು. ಒದ್ದೆ ಬೆರಳಿಗೆ ಜಾರುತ್ತದೆ, ಎಣ್ಣೆಯ ಬೆರಳಿಗೆ ಕೇಳುವುದೇ ಬೇಡ.

ಹೀಗಿದ್ದೂ ನಾನು ಅಂಗಡಿಯಿಂದ ಎದ್ದು ಬರಲಿಲ್ಲ. ಕಣ್ಣು ಮುಚ್ಚಿಕೊಂಡು ಎರಡನ್ನೂ ಮತ್ತೆ ಮತ್ತೆ ಕಳಚಿ ಹಾಕಿ ನೋಡಿದೆ. ಅಂಗಡಿಯ ಹಿರಿಯರು ತಾಳ್ಮೆಯಿಂದ ನೋಡುತ್ತಿದ್ದರು. ಯಾಕೆ ಹಾಗೆ ಮಾಡುತ್ತಿದ್ದೇನೆಂದು ಅವರಿಗೆ ವಿವರಿಸಿದೆ, ಇಲ್ಲೂ ವಿವರಿಸುತ್ತೇನೆ.

ಎಂಜಿನ್ ರೂಮಿನಲ್ಲಿ ವಾಚನ್ನು ಮತ್ತೆ ಮತ್ತೆ ಕಳಚಬೇಕು. ಕರೆಂಟಿನ ಪ್ಯಾನೆಲ್ ತೆರೆಯುವ ಮೊದಲು ಉಂಗುರ, ಸರ, ವಾಚು ಎಲ್ಲ ಹೊರಗೆ. ತಿರುಗುವ ಯಂತ್ರದ ಹತ್ತಿರ ಕೈ ಹಾಕುವ ಮೊದಲೂ ಹಾಗೆಯೇ. ಬರೀ 24 ವೋಲ್ಟಿನ ಬ್ಯಾಟರಿಯ ಸಾಲು ಕೂಡ ಸಾಕು: ಉಕ್ಕಿನ ಸರಪಳಿ ಎರಡು ತುದಿಗಳಿಗೆ ಒಮ್ಮೆಲೇ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾದು ಚರ್ಮಕ್ಕೆ ಅಂಟುತ್ತದೆ. ಅಪ್ಪ ನೀರಿಗೆ ಅಂಜಿ ಕಳಚುತ್ತಿದ್ದರು, ನಾನು ವಿದ್ಯುತ್ತಿಗೆ ಅಂಜಿ ಕಳಚುತ್ತೇನೆ. ಹಾಗಾಗಿ ನನ್ನ ಮಟ್ಟಿಗೆ ದಿನಬಳಕೆಯ ವಾಚಿನ ಮೊದಲ ಪರೀಕ್ಷೆ ಅದು ಕೈಯಲ್ಲಿ ಹೇಗೆ ಕೂರುತ್ತದೆ ಎಂಬುದಲ್ಲ. ಎಷ್ಟು ಸಲೀಸಾಗಿ ಕಳಚುತ್ತದೆ, ಕಳಚಿಟ್ಟ ಜಾಗದಲ್ಲಿ ಸುಖವಾಗಿರುತ್ತದೆಯೇ, ಮತ್ತೆ ಹಾಕಿದಾಗ ಮೊದಲಿನಂತೆಯೇ ಹಿಡಿಯುತ್ತದೆಯೇ ಎಂಬುದು.

ಟ್ಯೂಡರಿನ ಕೊಂಡಿಯಲ್ಲಿ ಮೊದಲು ಮೇಲಿನ ರೆಕ್ಕೆ ಎತ್ತಬೇಕು, ಆಮೇಲೆ ಎಳೆಯಬೇಕು. ಒಮೆಗಾದಲ್ಲಿ ಎರಡೂ ಬದಿಯ ಗುಂಡಿ ಒತ್ತಿದರೆ ಆಯಿತು. ಅದಕ್ಕಿಂತ ಮುಖ್ಯ, ಒಮೆಗಾದ ಕೊಂಡಿಯೊಳಗೆ ಇನ್ನೊಂದು ಗುಂಡಿ ಇದೆ. ಅದನ್ನು ಒತ್ತಿ ಸರಪಳಿಯನ್ನು ಕೂತಲ್ಲೇ ತುಸು ಸಡಿಲಿಸಬಹುದು, ಬಿಗಿಸಬಹುದು. ನಲವತ್ತೈದು ಡಿಗ್ರಿ ಸೆಕೆಯಲ್ಲಿ ನಾಲ್ಕು ಗಂಟೆ ನಿಂತರೆ ಮಣಿಕಟ್ಟು ಊದುತ್ತದೆ. ಏಸಿಯ ಕಂಟ್ರೋಲ್ ರೂಮಿಗೆ ಬಂದರೆ ಇಳಿಯುತ್ತದೆ. ಆ ವರ್ಷದ ಟ್ಯೂಡರಿನಲ್ಲಿ ಅಳತೆ ಬದಲಿಸಲು ಕೊಂಡಿಯ ಪಕ್ಕದ ಸಣ್ಣ ತೂತಿಗೆ ಮೊಳೆಯಂಥ ಸಲಕರಣೆ ಚುಚ್ಚಬೇಕಿತ್ತು. ಕಚೇರಿಯಲ್ಲಿ ಕೂರುವವರಿಗೆ ಇದು ಲೆಕ್ಕಕ್ಕೇ ಬಾರದ ಕೊರತೆ, ನನಗೆ ದಿನಕ್ಕೆ ಎರಡು ಹೊತ್ತು ಎದುರಾಗುವಂಥದ್ದು.

ಇನ್ನು ಕಳಚಿಡುವ ಜಾಗ. ಎಂಜಿನ್ ರೂಮಿನಲ್ಲಿ ಕೈಗೆ ಸಿಗುವ ಸಮತಟ್ಟು ಜಾಗಗಳೆಲ್ಲ ಮೋಟಾರಿನ ಮೇಲೆ, ಜನರೇಟರಿನ ಪಕ್ಕ, ಸೊಲೆನಾಯ್ಡ್ ಪೆಟ್ಟಿಗೆಯ ಮೇಲೆ. ಎಲ್ಲವೂ ಆಯಸ್ಕಾಂತದ ತವರು. ಮಾಮೂಲಿ ವಾಚಿನ ಕೂದಲೆಳೆ ಸ್ಪ್ರಿಂಗಿಗೆ ಕಾಂತತ್ವ ಹತ್ತಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ವಾಚು ನಾಗಾಲೋಟ ಓಡುತ್ತದೆ. ಹಿಂದೆ ನನ್ನ ಬಳಿ ಇದ್ದ ಒಂದು ಆಟೊಮ್ಯಾಟಿಕ್ ಹೀಗೆಯೇ ದಿನಕ್ಕೆ ಎಷ್ಟೋ ನಿಮಿಷ ಮುಂದೋಡುತ್ತಿತ್ತು. ಸಾಧಾರಣ ಆಂಟಿಮ್ಯಾಗ್ನೆಟಿಕ್ ವಾಚಿಗೆ ಇರಬೇಕಾದ ತಡೆ ಅರವತ್ತು ಗೌಸಿನಷ್ಟು. ಟ್ಯೂಡರಿನ ಸಿಲಿಕಾನ್ ಸ್ಪ್ರಿಂಗ್ ಅದಕ್ಕಿಂತ ಗಟ್ಟಿ. ಒಮೆಗಾ ಇನ್ನೂ ಮುಂದೆ ಹೋಗಿ ಒಳಗಿನ ಉಳಿದ ಸೂಕ್ಷ್ಮ ಭಾಗಗಳನ್ನೂ ಕಾಂತತ್ವ ಹತ್ತದ ಲೋಹಗಳಿಂದ ಮಾಡಿದೆ. 15,000 ಗೌಸಿನ ಎದುರು ಇಟ್ಟು ಸ್ವಿಟ್ಜರ್ಲೆಂಡಿನ ಸರ್ಕಾರಿ ಮಾಪನ ಸಂಸ್ಥೆ ಮೆಟಾಸ್‌ನ ನಿಯಮದಂತೆ ಪರೀಕ್ಷಿಸುತ್ತಾರೆ. ದಿನಕ್ಕೆ ಸೊನ್ನೆಯಿಂದ ಐದು ಸೆಕೆಂಡಿನೊಳಗೆ ಮುಂದಿರಬಹುದು, ಹಿಂದೆ ಬೀಳುವಂತಿಲ್ಲ.

ಅದರೊಳಗಿನ ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟ್ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನೊಳಗಿನ ಎಂಜಿನಿಯರ್ ಬಿಡುವುದಿಲ್ಲ. ಮಾಮೂಲಿ ವಾಚಿನಲ್ಲಿ ಚಕ್ರದ ಹಲ್ಲು ರತ್ನದ ಮೇಲೆ ಉಜ್ಜುತ್ತ ಜಾರುತ್ತದೆ. ಅಲ್ಲಿನ ಎಣ್ಣೆ ಕೆಟ್ಟಂತೆ ವಾಚಿನ ನಡಿಗೆ ಕೆಡುತ್ತದೆ. ಇಂಗ್ಲೆಂಡಿನ ಜಾರ್ಜ್ ಡೇನಿಯಲ್ಸ್, ಐಲ್ ಆಫ್ ಮ್ಯಾನ್ ದ್ವೀಪದ ತನ್ನ ಕಾರ್ಯಾಗಾರದಲ್ಲಿ ವಾಚಿನ ಪ್ರತಿಯೊಂದು ಭಾಗವನ್ನೂ ತನ್ನ ಕೈಯಿಂದಲೇ ಮಾಡುತ್ತಿದ್ದ ಮಹಾನುಭಾವ, 1970ರ ದಶಕದಲ್ಲಿ ಉಜ್ಜುವುದರ ಬದಲು ತಳ್ಳುವ ರಚನೆ ಕಂಡುಹಿಡಿದ. ವರ್ಷಾನುಗಟ್ಟಲೆ ಸ್ವಿಸ್ ಕಂಪನಿಗಳ ಬಾಗಿಲು ಬಡಿದ. ಕೊನೆಗೆ ಒಮೆಗಾ 1999ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಜೀವಮಾನವೆಲ್ಲ ಸಿಲಿಂಡರಿನ ಸವೆತ, ಬೇರಿಂಗಿನ ಎಣ್ಣೆಯ ಪದರ ಇವುಗಳೊಡನೆ ಗುದ್ದಾಡಿದವನಿಗೆ ಆ ಮನುಷ್ಯ ಹಿಡಿದ ಸಮಸ್ಯೆ ತನ್ನದೇ ಎನಿಸುತ್ತದೆ.

ತಾರೀಖಿನ ವಿಷಯದಲ್ಲೂ ಅಂದ ಒಂದು ಕಡೆ, ಕೆಲಸ ಒಂದು ಕಡೆ. ಪಶ್ಚಿಮಕ್ಕೆ ಹೋಗುವಾಗ ರಾತ್ರಿ ಒಂದೊಂದು ಗಂಟೆ ಹಿಂದಕ್ಕೆ, ಪೂರ್ವಕ್ಕೆ ಹೋಗುವಾಗ ಮುಂದಕ್ಕೆ. ಜಪಾನಿನಿಂದ ವ್ಯಾಂಕೂವರಿಗೆ ಗೋಧಿ ತುಂಬಲು ಹೋಗುವಾಗ ಪೆಸಿಫಿಕ್ಕಿನ ನಡುವೆ ಒಂದೇ ತಾರೀಖು ಎರಡು ಸಲ ಬರುತ್ತದೆ. ವಾರಗಳ ಹೆಸರೇ ಮರೆತುಹೋಗುವ ಆ ನೀರಿನಲ್ಲಿ ಲಾಗ್‌ಬುಕ್ಕಿಗೆ ಸಹಿ ಹಾಕುವಾಗ ಆರು ಗಂಟೆಯ ಜಾಗದ ಆ ಪುಟ್ಟ ಕಿಟಕಿ ನನಗೆ ಬೇಕು.

ಕೊನೆಯದಾಗಿ ಕತ್ತಲು. ಹಡಗಿನಲ್ಲಿ ಬ್ಲ್ಯಾಕ್‌ಔಟ್ ಆದಾಗ ಎಂಜಿನ್ ರೂಮಿನಲ್ಲಿ ಇದ್ದವರಿಗೆ ಮಾತ್ರ ಅದು ಏನೆಂದು ಗೊತ್ತು. ಜನರೇಟರುಗಳ ಮೊರೆತ ಒಮ್ಮೆಲೇ ಇಳಿಯುತ್ತದೆ, ಫ್ಯಾನುಗಳು ನಿಲ್ಲುತ್ತವೆ, ಕಣ್ಣೆದುರಿನ ಕೈ ಕಾಣದಷ್ಟು ಕಪ್ಪು. ಅಂತರರಾಷ್ಟ್ರೀಯ ನಿಯಮದ ಪ್ರಕಾರ 45 ಸೆಕೆಂಡಿನೊಳಗೆ ತುರ್ತು ಜನರೇಟರ್ ತಾನಾಗಿಯೇ ಎದ್ದು ದೀಪ ಕೊಡಬೇಕು. ಥರ್ಡ್ ಎಂಜಿನಿಯರ್ ಆಗಿದ್ದಾಗ ಮಲಕ್ಕಾ ಜಲಸಂಧಿಯ ಹಡಗುಗಳ ದಟ್ಟಣೆಯಲ್ಲಿ ಹಾಗಾಯಿತು. ನನ್ನ ಅಂದಿನ ವಾಚಿನ ಹೊಳೆಯುವ ಸೆಕೆಂಡ್ ಮುಳ್ಳನ್ನು ನೋಡುತ್ತ ಎಣಿಸಿದೆ. ಆ ಹೊತ್ತಿನಲ್ಲಿ ಎಣಿಸುವುದಕ್ಕೆ ಏನಾದರೂ ಇರುವುದೇ ಧೈರ್ಯ. ದೀಪ ಬಂತು, ಓಡಿದೆವು, ಎಂಜಿನ್ ಮತ್ತೆ ಎದ್ದಿತು. ಎರಡು ವಾಚುಗಳೂ ಕತ್ತಲಲ್ಲಿ ಚೆನ್ನಾಗಿ ಬೆಳಗುತ್ತವೆ. ಆದರೆ ಒಮೆಗಾದಲ್ಲಿ ಎಲ್ಲ ಗುರುತುಗಳೂ ನೀಲಿ, ನಿಮಿಷದ ಮುಳ್ಳು ಮತ್ತು ಬೆಜೆಲ್ಲಿನ ಸೊನ್ನೆ ಮಾತ್ರ ಹಸಿರು. ಹಗಲಲ್ಲಿ ಹುಡುಕಬೇಕಾದ ಮುಳ್ಳು ಕತ್ತಲಲ್ಲಿ ತಾನಾಗಿಯೇ ಎದ್ದು ಬರುತ್ತದೆ. ಅಂಗಡಿಯವರು ಎರಡನ್ನೂ ಅಂಗೈ ಮುಚ್ಚಿ ತೋರಿಸಿದರು. ಒಮೆಗಾದ ನೀಲಿ ಮುಖದ್ದನ್ನು ಕೊಂಡೆ.

ಮಾರನೆಯ ವರ್ಷ ಕೋವಿಡ್. ಬಂದರುಗಳು ಮುಚ್ಚಿದವು, ಬದಲಿ ಜನ ಬರಲಿಲ್ಲ. 2020ರ ಕೊನೆಗೆ ಜಗತ್ತಿನಾದ್ಯಂತ ನಾಲ್ಕು ಲಕ್ಷದಷ್ಟು ನಾವಿಕರು ಕರಾರು ಮುಗಿದರೂ ಹಡಗಿನಲ್ಲೇ ಉಳಿದಿದ್ದರು ಎಂಬುದು ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಅಂದಾಜು. ಅವರಲ್ಲಿ ನಾನೂ ಒಬ್ಬ. ಪ್ರತಿದಿನ ಮಧ್ಯಾಹ್ನ ಬ್ರಿಜ್ಜಿನ ಜಿಪಿಎಸ್ ಗಡಿಯಾರಕ್ಕೆ ವಾಚನ್ನು ಹೋಲಿಸಿ ಪುಟ್ಟ ವಹಿಯಲ್ಲಿ ಸೆಕೆಂಡುಗಳನ್ನು ಬರೆಯುವ ಅಭ್ಯಾಸ ಶುರುವಾದದ್ದು ಆಗ. ಊರಿಗೆ ಹೋಗುವ ದಿನ ಯಾವುದೆಂದು ಯಾರೂ ಹೇಳಲಾರದ ಆ ತಿಂಗಳುಗಳಲ್ಲಿ, ನಾಳೆ ಇದು ಇಷ್ಟೇ ಮುಂದಿರುತ್ತದೆ ಎಂದು ಖಚಿತವಾಗಿ ಹೇಳಬಹುದಾದದ್ದು ಅದೊಂದೇ ಇತ್ತು. ಜನರೇಟರಿನ ಪಕ್ಕ ಎಷ್ಟು ಸಲ ಕಳಚಿಟ್ಟೆನೋ, ನಡಿಗೆ ಕೆಡಲಿಲ್ಲ. ಉಕ್ಕಿನ ಮೈಮೇಲೆ ಗೀರುಗಳಾಗಿವೆ, ಬೆಜೆಲ್ಲಿನ ಕಚ್ಚುಗಳಿಂದ ಗ್ರೀಸನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬೇಕು. ಹಗಲು ಬೆಳಕಲ್ಲಿ ಮುಳ್ಳು ಹುಡುಕುವುದು ಇಂದಿಗೂ ನನಗೆ ಹಿಡಿಸಿಲ್ಲ. ಟ್ಯೂಡರ್ ಎಲ್ಲಾದರೂ ಕಂಡರೆ ಇಂದಿಗೂ ಕೈಗೆ ಹಾಕಿ ನೋಡುತ್ತೇನೆ.

ವಾಚು ನಿಜವಾಗಿ ಸಮುದ್ರದೊಳಗೆ ಇಳಿದದ್ದು ರಜೆಯಲ್ಲಿ, ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ. ಮಗಳಿಗೆ ಡೈವ್ ಕಲಿಯುವ ಆಸೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ದೋಣಿಯಲ್ಲಿ ಹೋದೆವು. ಕೊಂಡಿಯ ಕೊನೆಯ ಮಡಿಕೆ ಬಿಚ್ಚಿ ವೆಟ್‌ಸೂಟಿನ ತೋಳಿನ ಮೇಲೆ ವಾಚು ಕಟ್ಟಿಕೊಂಡೆ. ಆಳವನ್ನೂ ಹೊತ್ತನ್ನೂ ತರಬೇತುದಾರರ ಕೈಯಲ್ಲಿದ್ದ ಡೈವ್ ಕಂಪ್ಯೂಟರ್ ಲೆಕ್ಕ ಹಾಕಿತು. ಬಂಡೆಯ ಬದಿಯಲ್ಲಿ ಗಿಳಿಮೀನುಗಳ ಹಿಂಡು ನೋಡುತ್ತ ನಾನೂ ಬೆಜೆಲ್ ತಿರುಗಿಸಿ ಹೊತ್ತು ನೋಡಿಕೊಂಡೆ. ಎರಡೂ ಲೆಕ್ಕ ಒಂದೇ ಬಂತು.

ಮಗಳು ಆಮೇಲೆ ನಾಟಿಕಲ್ ಸೈನ್ಸ್ ಸೇರಿದಳು. ನನ್ನಂತೆ ಎಂಜಿನ್ ಅಲ್ಲ, ಡೆಕ್. ಮೊದಲ ಹಡಗಿಗೆ ಅಗ್ಗದ ಡಿಜಿಟಲ್ ವಾಚೇ ಸಾಕು ಎಂದಳು, ಸರಿಯಾಗಿಯೇ ಹೇಳಿದಳು. ಕೆಡೆಟ್ ಆದವರು ತುಕ್ಕು ಕೆರೆದು ಬಣ್ಣ ಬಳಿಯುವ ದಿನಗಳಿಗೆ ಅದೇ ತಕ್ಕದ್ದು. ಆಫೀಸರ್ ಆದ ಮೇಲೆ ಏನು ಕೊಡಿಸಲಿ ಎಂದು ಕಳೆದ ರಜೆಯಲ್ಲಿ ಕೇಳಿದೆ. ನನ್ನ ಒಮೆಗಾವನ್ನು ಒಂದಿಡೀ ದಿನ ಕಟ್ಟಿಕೊಂಡು ಓಡಾಡಿ ಸಂಜೆ ಬಿಚ್ಚಿಕೊಟ್ಟಳು. ಅವಳ ತೆಳ್ಳನೆಯ ಮಣಿಕಟ್ಟಿಗೆ ಅದು ಅತ್ತಿತ್ತ ಹೊರಳುತ್ತದೆ. ಅವಳಿಗೆ ಬೇಕಾದದ್ದು ಫಿಫ್ಟಿ ಎಯ್ಟ್, ಇಲ್ಲವೇ 2023ರಲ್ಲಿ ಬಂದ 37 ಮಿಲಿಮೀಟರಿನ ಬ್ಲ್ಯಾಕ್ ಬೇ ಫಿಫ್ಟಿ ಫೋರ್. ಕಾರಣಗಳನ್ನೂ ಕೊಟ್ಟಳು. ಬ್ರಿಜ್ಜಿನಲ್ಲಿ ತಾರೀಖು ನಾಲ್ಕು ಪರದೆಗಳ ಮೇಲೆ ಇರುತ್ತದೆ. ಅಲ್ಲಿ ಸೆಕೆ ಇಲ್ಲ, ಕೈ ಊದುವುದಿಲ್ಲ. ಜನರೇಟರ್ ಪಕ್ಕ ನಿಲ್ಲುವ ಕೆಲಸ ಅವಳದಲ್ಲ. ರಾತ್ರಿಯ ಪಾಳಿಯಲ್ಲಿ ಬ್ರಿಜ್ಜಿಗೆ ದೀಪ ಹಾಕುವಂತಿಲ್ಲ, ದುರ್ಬೀನು ಕಣ್ಣಿಗಿಟ್ಟುಕೊಂಡೇ ಅರೆಕ್ಷಣ ಕೆಳಗೆ ನೋಡಿದರೆ ಗಂಟೆ ಎಷ್ಟೆಂದು ಗೊತ್ತಾಗಬೇಕು, ಅದಕ್ಕೆ ಆ ಚೌಕ ಮುಳ್ಳೇ ಆಗಬೇಕು. "ಮತ್ತೆ, ನಾನು ಅದನ್ನು ಕಳಚುವುದೇ ಇಲ್ಲವಲ್ಲ ಅಪ್ಪ" ಎಂದಳು. ಬೆಲೆ ಈಗ ಎಷ್ಟಾಗಿದೆ ಎಂದು ವಿಚಾರಿಸಿದ್ದೇನೆ.